ಸಾಲದ ಪಟ್ಟಿಯಲ್ಲಿ ಗುರುತಿಲ್ಲದ ಹೆಸರು

ಸಾಲಕ್ಕೆ ಅರ್ಜಿ ಹಾಕುವ ಮುನ್ನ ತಮ್ಮ ಸಿಬಿಲ್ ವರದಿಯನ್ನು ತರಿಸಿ ನೋಡುವ ರೂಢಿ ಈಚೆಗೆ ನಮ್ಮಲ್ಲಿ ಬೆಳೆಯುತ್ತಿದೆ. ವರದಿ ತೆರೆದವರ ಕಣ್ಣು ಮೊದಲು ಹೋಗುವುದು ಸ್ಕೋರಿನ ಕಡೆಗೆ. ಅದರ ಕೆಳಗಿನ ಸಾಲಗಳ ಪಟ್ಟಿಗೆ ಬಂದಾಗ ಹಲವರು ಗಕ್ಕನೆ ನಿಲ್ಲುತ್ತಾರೆ. ತಾವು ಎಂದೂ ಮೆಟ್ಟಿಲು ಹತ್ತದ, ಹೆಸರನ್ನೂ ಕೇಳದ ಯಾವುದೋ ಫೈನಾನ್ಸ್ ಕಂಪನಿ ಅಲ್ಲಿ ಸಾಲ ಕೊಟ್ಟವರ ಸಾಲಿನಲ್ಲಿ ಇರುತ್ತದೆ. ಆಗ ಕೆಲವರು ಮೊತ್ತ ಚಿಕ್ಕದು, ಕಟ್ಟಿ ಕೈ ತೊಳೆದುಕೊಳ್ಳೋಣ ಎನ್ನುತ್ತಾರೆ. ಇನ್ನು ಕೆಲವರು ಇದು ನನ್ನ ಸಾಲವೇ ಅಲ್ಲ, ಯಾರೋ ಮೋಸ ಮಾಡಿದ್ದಾರೆ ಎಂದು ಆ ಕ್ಷಣವೇ ದೂರು ಕೊಡುತ್ತಾರೆ. ಎರಡೂ ಆತುರದ ನಡೆಗಳು. ಹೆಸರು ಅಪರಿಚಿತವಾದ ಮಾತ್ರಕ್ಕೆ ಸಾಲವೂ ಅಪರಿಚಿತ ಎಂದಾಗುವುದಿಲ್ಲ. ಹಾಗೆಂದು ಪಟ್ಟಿಯಲ್ಲಿ ಬಂದದ್ದೆಲ್ಲ ನಿಜವೂ ಅಲ್ಲ. ನಮ್ಮ ಸಾಲ ನಮಗೇ ಗುರುತು ಸಿಗದಂತೆ ಆಗುವುದಕ್ಕೆ ಸಾಲಗಾರರ ಮರೆವಿಗಿಂತ ಸಾಲದ ವ್ಯವಹಾರವನ್ನು ಕಟ್ಟಿರುವ ರೀತಿಯೇ ದೊಡ್ಡ ಕಾರಣ, ಆದ್ದರಿಂದ ಆ ಗುರುತನ್ನು ಬಿಡಿಸಿ ತೋರಿಸುವ ಹೊಣೆಯೂ ಆ ವ್ಯವಸ್ಥೆಯದೇ ಆಗಬೇಕು ಎಂಬುದು ನನ್ನ ವಾದ.

ನಾವು ಸಿಬಿಲ್ ಎಂದು ಒಂದೇ ಹೆಸರಿನಲ್ಲಿ ಕರೆದರೂ 2005ರ ಕ್ರೆಡಿಟ್ ಮಾಹಿತಿ ಕಂಪನಿಗಳ ಕಾಯ್ದೆಯಡಿ ದೇಶದಲ್ಲಿ ಈ ಕೆಲಸ ಮಾಡುವ ಕಂಪನಿಗಳು ನಾಲ್ಕು: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್ ಮತ್ತು ಸಿಆರ್‌ಐಎಫ್ ಹೈಮಾರ್ಕ್. ಇವು ತಾವಾಗಿ ಏನನ್ನೂ ಪತ್ತೆ ಮಾಡುವುದಿಲ್ಲ. ಬ್ಯಾಂಕುಗಳು, ಫೈನಾನ್ಸ್ ಕಂಪನಿಗಳು ಕಳಿಸಿದ ಲೆಕ್ಕವನ್ನು ಹೆಸರು, ಜನ್ಮದಿನಾಂಕ, ಪ್ಯಾನ್, ಮೊಬೈಲ್ ಸಂಖ್ಯೆ, ವಿಳಾಸಗಳ ಆಧಾರದ ಮೇಲೆ ಒಬ್ಬೊಬ್ಬರ ಕಡತಕ್ಕೆ ಸೇರಿಸುತ್ತವೆ. ಲೆಕ್ಕ ಕಳಿಸುವ ಸಂಸ್ಥೆ ಯಾವ ಹೆಸರಿನಲ್ಲಿ ನೋಂದಣಿಯಾಗಿದೆಯೋ ಆ ಹೆಸರೇ ವರದಿಯಲ್ಲಿ ಬರುತ್ತದೆ. ಅಂಗಡಿಯ ಫಲಕದಲ್ಲೋ ಮೊಬೈಲಿನ ಆ್ಯಪ್‌ನಲ್ಲೋ ಗ್ರಾಹಕ ಕಂಡ ಹೆಸರಿಗೆ ಅಲ್ಲಿ ಜಾಗವಿಲ್ಲ. ಗೊಂದಲದ ಬಹುಪಾಲು ಹುಟ್ಟುವುದು ಇಲ್ಲೇ.

ಇವತ್ತು ಸಾಲ ಕೊಡಿಸುವವರು ಒಬ್ಬರು, ಕೊಡುವವರು ಇನ್ನೊಬ್ಬರು. ಆ್ಯಪ್ ನಡೆಸುವ ಕಂಪನಿ ಎಷ್ಟೋ ಸಲ ಸಾಲಕ್ಕೆ ದಾರಿ ಮಾಡಿಕೊಡುವ ಮಧ್ಯವರ್ತಿ ಮಾತ್ರ. ಹಣ ಬರುವುದು ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿಸಿದ ಒಂದು ಬ್ಯಾಂಕಿನಿಂದ ಅಥವಾ ಬ್ಯಾಂಕೇತರ ಹಣಕಾಸು ಕಂಪನಿಯಾದ ಎನ್‌ಬಿಎಫ್‌ಸಿಯಿಂದ. ಕ್ರೆಡಿಟ್‌ಬೀ ಆ್ಯಪ್‌ನಲ್ಲಿ ಪಡೆದ ಸಾಲ ಕ್ರೇಜಿಬೀ ಸರ್ವಿಸಸ್ ಎಂಬ ಹೆಸರಿನಲ್ಲಿ ಕಾಣಿಸಬಹುದು. ಅಮೆಜಾನ್‌ನಲ್ಲಿ ‘ಆಮೇಲೆ ಕೊಡುತ್ತೇನೆ’ ಎಂದು ಒತ್ತಿದ ಗುಂಡಿಯ ಹಿಂದೆ ಬೆಂಗಳೂರಿನ ಕ್ಯಾಪ್‌ಫ್ಲೋಟ್ ಫೈನಾನ್ಶಿಯಲ್ ಸರ್ವಿಸಸ್ ಇದ್ದಿರಬಹುದು. ಮಿಕ್ಸಿ, ಅಡುಗೆ ಎಣ್ಣೆ, ಮಕ್ಕಳ ಪುಸ್ತಕ ಕೊಂಡವರಿಗೆ ತಾವು ಸಾಲ ಮಾಡಿದ್ದೇವೆ ಎಂಬ ಭಾವನೆಯೇ ಬಂದಿರುವುದಿಲ್ಲ. ಕೆಲವು ಕಡೆ ಒಂದೊಂದು ಖರೀದಿಯೂ ಒಂದೊಂದು ಪ್ರತ್ಯೇಕ ಸಾಲದ ಖಾತೆಯಾಗಿ ವರದಿಗೆ ಹೋಗುತ್ತದೆ. ಮೊಬೈಲ್ ಅಂಗಡಿಯ ಬಡ್ಡಿರಹಿತ ಕಂತು, ಶೋರೂಮಿನಲ್ಲಿ ಸಹಿ ಹಾಕಿದ ಬೈಕ್ ಸಾಲ, ಆಸ್ಪತ್ರೆ ಬಿಲ್ಲಿನ ಕಂತು ಎಲ್ಲದರ ಕಥೆಯೂ ಇದೇ. ಎಲ್ಲಕ್ಕಿಂತ ನೋವಿನದು ಕೋಚಿಂಗ್ ಮತ್ತು ಆನ್‌ಲೈನ್ ಪಾಠದ ಶುಲ್ಕ. ತಿಂಗಳಿಗಿಷ್ಟು ಎಂದು ಸಂಸ್ಥೆ ಹೇಳಿದಾಗ ತಂದೆತಾಯಿ ಅದನ್ನು ಶುಲ್ಕದ ಕಂತು ಎಂದೇ ತಿಳಿಯುತ್ತಾರೆ. ಕಾಗದದ ಮೇಲೆ ಅದು ಫೈನಾನ್ಸ್ ಕಂಪನಿಯಿಂದ ಪಡೆದ ಪೂರ್ತಿ ವರ್ಷದ ಸಾಲ. ಮಗು ಮೂರನೇ ತಿಂಗಳಿಗೆ ಪಾಠ ಬಿಟ್ಟರೂ ಸಾಲ ಉಳಿಯುತ್ತದೆ, ಕಂತು ನಿಂತರೆ ಅಪ್ಪನ ವರದಿಯಲ್ಲಿ ಸುಸ್ತಿ ಕಾಣಿಸುತ್ತದೆ.

ಬ್ಯಾಂಕುಗಳ ವಿಲೀನ ಎರಡನೆಯ ಕಾರಣ. ಇದರಲ್ಲಿ ಕರ್ನಾಟಕದಷ್ಟು ಹೆಸರು ಕಳೆದುಕೊಂಡ ನಾಡು ಇನ್ನೊಂದಿರಲಾರದು. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ಸೇರಿತು. ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾ ಆಯಿತು. ಮರುವರ್ಷ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿಗೂ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೂ ಸೇರಿದವು. ಅದಕ್ಕೂ ಮೊದಲು, 2015ರಲ್ಲಿ, ಬೆಂಗಳೂರಿನ ಐಎನ್‌ಜಿ ವೈಶ್ಯ ಬ್ಯಾಂಕ್ ಕೋಟಕ್ ಮಹೀಂದ್ರಾದಲ್ಲಿ ಕರಗಿತ್ತು. ಹಳ್ಳಿಗಳ ಕಡೆ ಧಾರವಾಡದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ 2025ರ ಮೇ 1ರಿಂದ ಬಳ್ಳಾರಿ ಕೇಂದ್ರದ ಗ್ರಾಮೀಣ ಬ್ಯಾಂಕಿನೊಂದಿಗೆ ಒಂದಾಗಿದೆ. ಹತ್ತು ವರ್ಷದ ಹಿಂದೆ ಉಡುಪಿಯ ಸಿಂಡಿಕೇಟ್ ಶಾಖೆಯಲ್ಲಿ ಚಿನ್ನ ಅಡವಿಟ್ಟು ಬಿಡಿಸಿಕೊಂಡವರ ವರದಿಯಲ್ಲಿ ಕೆನರಾದ ಹೆಸರಿದ್ದರೆ ಅದು ಹೊಸ ಸಾಲವಲ್ಲ. ಖಾಸಗಿ ವಲಯದಲ್ಲೂ ಹೀಗೇ: ಕ್ಯಾಪಿಟಲ್ ಫಸ್ಟ್‌ನಿಂದ ಸಾಲ ಪಡೆದವರಿಗೆ ಐಡಿಎಫ್‌ಸಿ ಫಸ್ಟ್ ಬ್ಯಾಂಕ್, ಸಿಟಿಬ್ಯಾಂಕಿನ ಕ್ರೆಡಿಟ್ ಕಾರ್ಡ್ ಇದ್ದವರಿಗೆ ಆ್ಯಕ್ಸಿಸ್ ಬ್ಯಾಂಕ್, ಫುಲರ್ಟನ್ ಇಂಡಿಯಾ ಗ್ರಾಹಕರಿಗೆ ಎಸ್‌ಎಂಎಫ್‌ಜಿ ಇಂಡಿಯಾ ಕ್ರೆಡಿಟ್ ಎಂಬ ಹೆಸರು ಎದುರಾಗುತ್ತದೆ. ಕ್ರೆಡಿಟ್ ಮಾಹಿತಿಯನ್ನು ಕನಿಷ್ಠ 7 ವರ್ಷ ಕಾಪಾಡಬೇಕೆಂಬ ನಿಯಮವಿರುವುದರಿಂದ ತೀರಿಹೋದ ಸಾಲವೂ ಹೊಸ ಒಡೆಯನ ಹೆಸರಿನಲ್ಲಿ ಬಹುಕಾಲ ವರದಿಯಲ್ಲಿ ಉಳಿಯುತ್ತದೆ.

ಬ್ಯಾಂಕು ಹಾಗೆಯೇ ಇದ್ದು ಸಾಲ ಮಾತ್ರ ಕೈ ಬದಲಾಯಿಸುವುದೂ ಉಂಟು. ವಸೂಲಾಗದ ಸಾಲಗಳನ್ನು ಬ್ಯಾಂಕುಗಳು 2002ರ ಸರ್ಫೇಸಿ ಕಾಯ್ದೆಯ ಪ್ರಕಾರ ಸ್ಥಾಪನೆಯಾದ ಆಸ್ತಿ ಪುನರ್‌ರಚನಾ ಕಂಪನಿಗಳಿಗೆ ಮಾರುತ್ತವೆ. ನೂರಾರು ಸಾಲಗಳನ್ನು ಒಟ್ಟು ಕಟ್ಟಿ ಮಾರಿದ ಮೇಲೆ ಸಾಲಗಾರನ ಹೆಸರಿನ ಮುಂದೆ ಕೊಂಡ ಕಂಪನಿಯ ಹೆಸರು ಬರುತ್ತದೆ. ಆತನಿಗೆ ಕಳಿಸಿದ ನೋಟಿಸು ಹಳೆಯ ಬಾಡಿಗೆ ಮನೆಯ ವಿಳಾಸಕ್ಕೆ ಹೋಗಿ ವಾಪಸಾಗಿದ್ದರೆ ವಿಷಯ ಮೊದಲು ತಿಳಿಯುವುದು ವರದಿಯಿಂದಲೇ. ಒಂದೇ ಸಾಲವನ್ನು ಒಂದು ಬ್ಯಾಂಕು ಮತ್ತು ಒಂದು ಎನ್‌ಬಿಎಫ್‌ಸಿ ಪಾಲು ಹಾಕಿಕೊಂಡು ಕೊಡುವ ಪದ್ಧತಿಯೂ ಇದೆ. ಅಂಥ ಕಡೆ ಒಂದು ಸಾಲಕ್ಕೆ ಎರಡು ಹೆಸರು ಕಂಡು ಎರಡು ಸಾಲವೆಂದು ಹೆದರುವವರಿದ್ದಾರೆ.

ಇನ್ನೊಂದು ಬಗೆ ನಮ್ಮ ಊರುಗಳಲ್ಲಿ ಬಹಳ ಸಾಮಾನ್ಯ, ಆದರೆ ಯಾರೂ ಅದನ್ನು ಸಾಲವೆಂದು ಎಣಿಸುವುದಿಲ್ಲ. ಅದು ಜಾಮೀನು. ಭಾವಮೈದುನನ ಟ್ರ್ಯಾಕ್ಟರಿಗೆ, ಗೆಳೆಯನ ಅಂಗಡಿಗೆ ದಾಕ್ಷಿಣ್ಯಕ್ಕೆ ಹಾಕಿದ ಸಹಿ ಮರೆತುಹೋಗಿರುತ್ತದೆ. 1872ರ ಭಾರತೀಯ ಕರಾರು ಕಾಯ್ದೆಯ 128ನೇ ಸೆಕ್ಷನ್ ಪ್ರಕಾರ, ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ ವಿಸ್ತಾರವಾದದ್ದು. ಆದ್ದರಿಂದ ಆ ಸಾಲ ಜಾಮೀನುದಾರನ ವರದಿಯಲ್ಲೂ ಕಾಣಿಸಿಕೊಳ್ಳುತ್ತದೆ, ಸಾಲಗಾರ ಕಟ್ಟದೆ ಬಿಟ್ಟ ಕಂತು ಇವನ ವರದಿಗೂ ಕಲೆಯಾಗುತ್ತದೆ. ಮಹಿಳೆಯರ ಮಟ್ಟಿಗೆ ‘ಸಂಘದ ಸಾಲ’ ಎನ್ನುವುದೂ ಇದಕ್ಕೆ ಹತ್ತಿರದ್ದು. ವಾರದ ಸಭೆಯಲ್ಲಿ ಹಣ ಕೈಗಿಟ್ಟವರು ಸಂಘದವರೇ ಆದರೂ ಎಷ್ಟೋ ಸಲ ಸಾಲ ಮಂಜೂರು ಮಾಡಿದ್ದು ಯಾವುದೋ ಬ್ಯಾಂಕು, ಸಂಘಗಳನ್ನು ನಡೆಸುವ ಸಂಸ್ಥೆ ಅದರ ಪ್ರತಿನಿಧಿ. ವರದಿಯಲ್ಲಿ ಬರುವುದು ಬ್ಯಾಂಕಿನ ಹೆಸರು. ನೆರೆಮನೆಯಾಕೆಗಾಗಿ ತನ್ನ ಆಧಾರ್ ಕೊಟ್ಟು ಮೈಕ್ರೋಫೈನಾನ್ಸಿನಿಂದ ಎತ್ತಿಕೊಟ್ಟ ಸಾಲವಾದರೆ ಹಣ ಯಾರ ಕೈ ಸೇರಿದರೂ ದಾಖಲೆಯ ಪ್ರಕಾರ ಸಾಲಗಾರ್ತಿ ಆಧಾರ್ ಕೊಟ್ಟವಳೇ.

ಇಷ್ಟು ತಿಳಿದ ಮೇಲೆ ವರದಿಯನ್ನು ಓದುವ ಕ್ರಮವೇ ಬದಲಾಗಬೇಕು. ಮೊದಲು, ಗುರುತಿಲ್ಲದ ಹೆಸರು ಸಾಲದ ಖಾತೆಗಳ ಭಾಗದಲ್ಲಿದೆಯೋ ವಿಚಾರಣೆಗಳ ಭಾಗದಲ್ಲಿದೆಯೋ ನೋಡಬೇಕು. ವಿಚಾರಣೆ ಎಂದರೆ ಒಂದು ಸಂಸ್ಥೆ ನಿಮ್ಮ ವರದಿಯನ್ನು ತರಿಸಿಕೊಂಡು ನೋಡಿತು ಎಂದಷ್ಟೇ. ಬೈಕ್ ಶೋರೂಮಿನ ಏಜೆಂಟ್ ಒಂದೇ ಅರ್ಜಿಯನ್ನು ನಾಲ್ಕು ಫೈನಾನ್ಸ್‌ಗಳಿಗೆ ಕಳಿಸಿದ್ದರೆ ನಾಲ್ಕು ಹೆಸರು ಅಲ್ಲಿ ಬೀಳುತ್ತವೆ, ಅವು ಸಾಲಗಳಲ್ಲ. ಸಾಲದ ಖಾತೆಯೇ ಆದರೆ ಹೆಸರನ್ನು ಬದಿಗಿಟ್ಟು ಉಳಿದ ವಿವರಗಳನ್ನು ಓದಬೇಕು: ಖಾತೆ ತೆರೆದ ದಿನ, ಮಂಜೂರಾದ ಮೊತ್ತ, ಸಾಲದ ಬಗೆ, ನೀವು ಸಾಲಗಾರರೋ ಜಂಟಿ ಸಾಲಗಾರರೋ ಜಾಮೀನುದಾರರೋ ಎಂಬುದು, ಕೊನೆಯ ಪಾವತಿಯ ದಿನ. ಖಾತೆ ತೆರೆದ ದಿನದ ಆಸುಪಾಸಿನ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದರೆ ಅರ್ಧ ಉತ್ತರ ಸಿಗುತ್ತದೆ. ಡಿಜಿಟಲ್ ಸಾಲಗಳ ಬಗ್ಗೆ ರಿಸರ್ವ್ ಬ್ಯಾಂಕ್ 2022ರಲ್ಲಿ ತಂದ ನಿಯಮದ ಪ್ರಕಾರ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಹಣ ಸಾಲದಾತನ ಖಾತೆಯಿಂದ ನೇರವಾಗಿ ಸಾಲಗಾರನ ಖಾತೆಗೆ ಬರಬೇಕು. ಮಧ್ಯವರ್ತಿಯ ಖಾತೆಯ ಮೂಲಕ ಹಾಯುವಂತಿಲ್ಲ. ಹೀಗಾಗಿ ವರದಿಯಲ್ಲಿನ ಹೆಸರು ಪಾಸ್‌ಬುಕ್ಕಿನಲ್ಲೂ ಇರುವ ಸಾಧ್ಯತೆ ಹೆಚ್ಚು. ವಸ್ತು ಕೊಂಡ ಸಾಲವಾದರೆ ಹಣ ಅಂಗಡಿಗೆ ಹೋಗಿರುತ್ತದೆ. ಆಗ ತಿಂಗಳ ಕಂತು ಕಡಿತವಾದ ಸಾಲುಗಳಲ್ಲಿ ಹೆಸರು ಹುಡುಕಬೇಕು. ಮೊತ್ತವನ್ನು ಆ ವಾರದ ಖರೀದಿಯ ಬಿಲ್ಲಿಗೆ ಹೋಲಿಸಿದರೂ ಸಾಕು, ಎಷ್ಟೋ ಅಪರಿಚಿತ ಹೆಸರುಗಳ ಗುಟ್ಟು ಬಿಡುತ್ತದೆ.

ಇದೆಲ್ಲ ಮಾಡಿದರೂ ಹೊಂದದ ಸಾಲಗಳು ಉಳಿಯುತ್ತವೆ. ಅವುಗಳಲ್ಲಿ ಎರಡು ಜಾತಿ, ಎರಡಕ್ಕೂ ಮದ್ದು ಬೇರೆ. ಒಂದು, ಬೇರೊಬ್ಬರ ಸಾಲ ತಪ್ಪಿ ನಿಮ್ಮ ಕಡತಕ್ಕೆ ಬಂದದ್ದು. ನಮ್ಮಲ್ಲಿ ಹೆಸರು ಬರೆಯುವ ಪದ್ಧತಿಯೇ ಇದಕ್ಕೆ ಅನುಕೂಲ ಮಾಡಿಕೊಡುತ್ತದೆ. ಊರಿನ ಹೆಸರು, ಅಪ್ಪನ ಹೆಸರು ಇನಿಶಿಯಲ್ಲಾಗಿರುವ ಮನುಷ್ಯ ಆಧಾರ್‌ನಲ್ಲಿ ಮಂಜುನಾಥ ಕೆ., ಪ್ಯಾನ್‌ನಲ್ಲಿ ಮಂಜುನಾಥ ಕೃಷ್ಣಪ್ಪ, ಬ್ಯಾಂಕಿನಲ್ಲಿ ಕೆ. ಮಂಜುನಾಥ. ಅದೇ ಜಿಲ್ಲೆಯಲ್ಲಿ ಅದೇ ಹೆಸರಿನ ಇನ್ನೊಬ್ಬನಿದ್ದು, ಶಾಖೆಯಲ್ಲಿ ಪ್ಯಾನ್ ಬರೆಯುವಾಗ ಒಂದು ಅಕ್ಷರ ತಪ್ಪಿದರೆ ಅವನ ಸಾಲ ಇವನಿಗೆ ಅಂಟಿಕೊಳ್ಳುತ್ತದೆ. ಜನವರಿ 1ನ್ನೇ ಜನ್ಮದಿನವಾಗಿ ಬರೆಸಿಕೊಂಡವರು ಹಳ್ಳಿಗಳಲ್ಲಿ ಎಷ್ಟು ಮಂದಿ ಎಂದು ನೆನೆದರೆ ಅಪಾಯದ ಅಂದಾಜು ಆಗುತ್ತದೆ. ಇನ್ನೊಂದು, ನಿಜವಾದ ವಂಚನೆ. ಜೆರಾಕ್ಸ್ ಅಂಗಡಿಯಲ್ಲಿ, ಲಾಡ್ಜಿನಲ್ಲಿ, ಸಿಮ್ ಮಾರುವವರಲ್ಲಿ ಬಿಟ್ಟು ಬಂದ ಪ್ಯಾನ್ ಪ್ರತಿ ಸಾಕು. 2022ರ ಫೆಬ್ರವರಿಯಲ್ಲಿ, ಒಂದು ಆ್ಯಪ್‌ನಿಂದ ತಮ್ಮ ಪ್ಯಾನ್ ಬಳಸಿ ಯಾರೋ ಸಾಲ ಪಡೆದಿದ್ದಾರೆ ಎಂದು ದೇಶದ ಹಲವೆಡೆಯ ಜನ ಬಹಿರಂಗವಾಗಿ ದೂರಿದ್ದರು. ಅವರಿಗೆ ಸುಳಿವು ಸಿಕ್ಕಿದ್ದು ಕ್ರೆಡಿಟ್ ವರದಿಯಿಂದ. ವಂಚನೆಯ ಗುರುತು ಹಿಡಿಯಲು ವರದಿಯ ಮೊದಲ ಪುಟದಲ್ಲಿರುವ ಮೊಬೈಲ್ ಸಂಖ್ಯೆ, ಇಮೇಲ್, ವಿಳಾಸಗಳನ್ನು ನೋಡಬೇಕು. ನಿಮ್ಮದಲ್ಲದ ಸಂಖ್ಯೆಯೊಂದು ಅಲ್ಲಿದ್ದು, ಒಂದೇ ವಾರದಲ್ಲಿ ಹಲವು ಆ್ಯಪ್‌ಗಳ ವಿಚಾರಣೆ ನಡೆದಿದ್ದರೆ ಅನುಮಾನ ಬಲವಾಗುತ್ತದೆ. ಆಗ 1930ಕ್ಕೆ ಕರೆ ಮಾಡಿ ಸೈಬರ್ ದೂರು ದಾಖಲಿಸಬೇಕು. ಇನ್ನೊಬ್ಬರ ಗುರುತು ಬಳಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಪ್ರಕಾರ ಮೂರು ವರ್ಷದವರೆಗೆ ಜೈಲು ಶಿಕ್ಷೆಯಾಗಬಹುದಾದ ಅಪರಾಧ.

ಚಿಕ್ಕ ಮೊತ್ತವನ್ನು ಕಟ್ಟಿ ಮುಗಿಸಿದರೆ ತಪ್ಪೇನು ಎಂದು ಕೇಳುವವರಿಗೆ ಉತ್ತರ ಇಲ್ಲಿದೆ. ನಿಮ್ಮದಲ್ಲದ ಸಾಲಕ್ಕೆ ಹಣ ಕಟ್ಟಿದರೆ ಅದು ನಿಮ್ಮದೇ ಎಂಬುದಕ್ಕೆ ನೀವೇ ಸಾಕ್ಷಿ ಒದಗಿಸಿದಂತೆ. ಆಮೇಲೆ ವಂಚನೆಯ ದೂರು ಯಾರ ಕಿವಿಗೂ ಬೀಳುವುದಿಲ್ಲ. ನಿಮ್ಮದೇ ಹಳೆಯ ಸಾಲವಾದರೂ ಯೋಚಿಸಬೇಕು. 1963ರ ಕಾಲಮಿತಿ ಕಾಯ್ದೆಯಲ್ಲಿ, ಗಡುವು ಮುಗಿಯುವ ಮುನ್ನ ಬರಹದ ದಾಖಲೆಯೊಂದಿಗೆ ಒಂದಿಷ್ಟು ಕಟ್ಟಿದರೆ ದಾವೆ ಹೂಡುವ ಅವಧಿ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಬಾಕಿಗಿಂತ ಕಡಿಮೆ ಹಣಕ್ಕೆ ರಾಜಿಯಾದರೆ ವರದಿಯಲ್ಲಿ ಖಾತೆ ಮುಕ್ತಾಯವಾಯಿತು ಎಂದು ಬರುವುದಿಲ್ಲ, ರಾಜಿಯಾಯಿತು ಎಂದು ಬರುತ್ತದೆ; ಮುಂದೆ ಸಾಲ ಕೊಡುವವರು ಅದನ್ನು ಒಳ್ಳೆಯ ಗುರುತೆಂದು ನೋಡುವುದಿಲ್ಲ. ಕಟ್ಟಲೇಬೇಕಾದ ಸಾಲವನ್ನು ಪೂರ್ತಿ ಕಟ್ಟಿ ಬೇಬಾಕಿ ಪತ್ರ ಕೈಗೆ ತೆಗೆದುಕೊಳ್ಳಬೇಕು. ಯಾರಿಗೆ, ಯಾವ ಖಾತೆಗೆ ಎಂದು ಖಚಿತವಾಗದೆ ವಸೂಲಿಯವನು ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ಕ್ಯೂಆರ್ ಕೋಡಿಗೆ ಹಣ ಹಾಕುವುದಂತೂ ಕೂಡದು.

ದೂರು ಕೊಡುವಲ್ಲಿಯೂ ಆತುರ ಬೇಡ ಎನ್ನುವುದಕ್ಕೆ ಕಾರಣ ಕಾನೂನಿನಲ್ಲೇ ಇದೆ. ಸಾಲ ಕೊಟ್ಟ ಸಂಸ್ಥೆ ಸರಿಯೆಂದು ದೃಢೀಕರಿಸದೆ ಕ್ರೆಡಿಟ್ ಮಾಹಿತಿ ಕಂಪನಿ ತಾನಾಗಿ ಒಂದು ಸಾಲನ್ನೂ ತಿದ್ದುವಂತಿಲ್ಲ. ‘ಈ ಕಂಪನಿ ನನಗೆ ಗೊತ್ತಿಲ್ಲ’ ಎಂಬ ಒಂದು ವಾಕ್ಯದ ದೂರು ಆ ಕಂಪನಿಗೇ ಹೋಗುತ್ತದೆ, ಅದು ತನ್ನ ದಾಖಲೆ ನೋಡಿ ಸಾಲ ಸರಿಯಿದೆ ಎಂದು ಉತ್ತರಿಸುತ್ತದೆ, ದೂರು ಅಲ್ಲಿಗೆ ಮುಗಿಯುತ್ತದೆ. ಅದರ ಬದಲು ಸಾಲದ ಕರಾರಿನ ಪ್ರತಿ, ಪಡೆದ ಗುರುತಿನ ದಾಖಲೆ, ಹಣ ಜಮೆಯಾದ ಖಾತೆಯ ವಿವರ ಕೊಡಿ ಎಂದು ಸಂಸ್ಥೆಗೆ ಬರೆದು ಕೇಳಬೇಕು. ಹಣ ಯಾವ ಖಾತೆಗೆ ಹೋಯಿತು ಎಂಬ ಒಂದೇ ಪ್ರಶ್ನೆ ಬಹಳಷ್ಟು ವಂಚನೆಗಳನ್ನು ಬಯಲು ಮಾಡುತ್ತದೆ. ರಿಸರ್ವ್ ಬ್ಯಾಂಕಿನ 2023ರ ಅಕ್ಟೋಬರ್ ಸುತ್ತೋಲೆ ಈ ವಿಷಯದಲ್ಲಿ ಗ್ರಾಹಕನಿಗೆ ನಿಜವಾದ ಬಲ ಕೊಟ್ಟಿದೆ. ದೂರು 30 ದಿನದಲ್ಲಿ ಇತ್ಯರ್ಥವಾಗದಿದ್ದರೆ ಅಲ್ಲಿಂದಾಚೆಗೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕು. ಸಾಲ ಕೊಟ್ಟ ಸಂಸ್ಥೆಗೆ 21 ದಿನ, ಉಳಿದ ದಿನಗಳು ಕ್ರೆಡಿಟ್ ಮಾಹಿತಿ ಕಂಪನಿಗೆ. ಯಾರಿಂದ ತಡವಾಯಿತೋ ಅವರು ತೆರಬೇಕು. ತಿದ್ದುವುದಿಲ್ಲ ಎಂದರೆ ಕಾರಣ ಹೇಳಬೇಕು. 2024ರ ಏಪ್ರಿಲ್‌ನಿಂದ ಇದು ಜಾರಿಯಲ್ಲಿದೆ. ಅದಕ್ಕೂ ಬಗ್ಗದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಇದ್ದಾರೆ. 2022ರ ಸೆಪ್ಟೆಂಬರ್‌ನಿಂದ ಕ್ರೆಡಿಟ್ ಮಾಹಿತಿ ಕಂಪನಿಗಳೂ ಅವರ ವ್ಯಾಪ್ತಿಯಲ್ಲಿವೆ, ದೂರಿಗೆ ಶುಲ್ಕವಿಲ್ಲ. ‘ಸಿಬಿಲ್ ಕ್ಲಿಯರ್ ಮಾಡಿಕೊಡುತ್ತೇವೆ’ ಎಂದು ಸಾವಿರಾರು ರೂಪಾಯಿ ಕೇಳುವ ಏಜೆಂಟರಿಗೆ ಇದಕ್ಕಿಂತ ಹೆಚ್ಚಿನ ಅಧಿಕಾರವೇನೂ ಇಲ್ಲ. ಅವರ ಕೈಗೆ ಪ್ಯಾನ್, ಆಧಾರ್, ಒಟಿಪಿ ಕೊಡುವುದು ಮತ್ತೊಂದು ವಂಚನೆಗೆ ಬಾಗಿಲು ತೆರೆದಂತೆ.

ಇಷ್ಟೆಲ್ಲ ಹುಡುಕಾಟ ಸಾಲಗಾರನ ತಲೆಯ ಮೇಲೇ ಏಕೆ ಬೀಳಬೇಕು ಎಂಬುದು ಈಗ ಉಳಿಯುವ ಪ್ರಶ್ನೆ. ಸಾಲ ಮಾಡಿದವನಿಗೆ ಯಾರಿಂದ ಮಾಡಿದೆ ಎಂಬುದು ತಿಳಿದಿರಬೇಡವೇ ಎಂದು ಸಾಲದಾತರ ಪರವಾಗಿ ವಾದಿಸುವವರಿದ್ದಾರೆ. ಸಾಲಕ್ಕೆ ಸಹಿ ಹಾಕುವ ಮುನ್ನ ಕೊಡುವ ಪ್ರಮುಖ ಅಂಶಗಳ ಪತ್ರದಲ್ಲಿ ಸಾಲದಾತನ ಹೆಸರಿರುತ್ತದೆ, ಓದದಿದ್ದರೆ ಅದು ಗ್ರಾಹಕನ ತಪ್ಪು ಎಂಬುದು ಅವರ ನಿಲುವು. ವಾದದಲ್ಲಿ ಸತ್ಯಾಂಶವಿದೆ, ಸಹಿ ಹಾಕುವ ಮುನ್ನ ಓದುವುದು ಕರ್ತವ್ಯವೇ. ಆದರೆ ಆ ಪತ್ರ ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು, ಅದನ್ನು ವಿವರಿಸಬೇಕು ಎಂದು ರಿಸರ್ವ್ ಬ್ಯಾಂಕ್ 2024ರಲ್ಲಿ ಹೇಳಿದೆ. ಅಂಗೈಯಗಲದ ಪರದೆಯಲ್ಲಿ ಇಂಗ್ಲಿಷಿನ ಹತ್ತು ಪುಟ ತೋರಿಸಿ ‘ಒಪ್ಪಿದೆ’ ಎಂದು ಒತ್ತಿಸಿಕೊಂಡರೆ ಆ ಷರತ್ತು ಪಾಲಿಸಿದಂತಾಗುವುದಿಲ್ಲ. ಓದಿದವನಿಗೂ ನಾಲ್ಕು ವರ್ಷದ ನಂತರ ಬ್ಯಾಂಕು ವಿಲೀನವಾಗಿಯೋ ಸಾಲ ಮಾರಾಟವಾಗಿಯೋ ಬಂದ ಹೊಸ ಹೆಸರು ಆ ಪತ್ರದಲ್ಲಿ ಸಿಗುವುದಿಲ್ಲ.

ಪರಿಹಾರ ದೊಡ್ಡದೇನಲ್ಲ. ಗ್ರಾಹಕನಿಗೆ ಕೊಡುವ ವರದಿಯಲ್ಲಿ ಸಾಲದಾತನ ಹೆಸರಿನ ಪಕ್ಕ ಇನ್ನೆರಡು ವಿವರ ಸೇರಬೇಕು: ಸಾಲ ಯಾವ ಆ್ಯಪ್, ಅಂಗಡಿ ಅಥವಾ ಸಂಸ್ಥೆಯ ಮೂಲಕ ಬಂತು, ಮೊದಲು ಕೊಟ್ಟವರು ಯಾರು. ಈ ಮಾಹಿತಿ ಒಟ್ಟುಗೂಡಿಸುವುದು ಕಷ್ಟ ಎಂಬ ಆಕ್ಷೇಪ ನಿಲ್ಲುವುದಿಲ್ಲ. 2025ರ ಡಿಜಿಟಲ್ ಸಾಲ ನಿರ್ದೇಶನಗಳ ಪ್ರಕಾರ ತಾನು ಯಾವ ಆ್ಯಪ್‌ಗಳ ಮೂಲಕ ಸಾಲ ಕೊಡುತ್ತೇನೆ ಎಂದು ಪ್ರತಿ ಸಂಸ್ಥೆಯೂ ರಿಸರ್ವ್ ಬ್ಯಾಂಕಿಗೆ ತಿಳಿಸಬೇಕು, ಆ ಪಟ್ಟಿ ರಿಸರ್ವ್ ಬ್ಯಾಂಕಿನ ಜಾಲತಾಣದಲ್ಲೇ ಇದೆ. ಅಂದರೆ ಆ್ಯಪ್‌ಗೂ ಸಾಲದಾತನಿಗೂ ಇರುವ ನಂಟು ಈಗಾಗಲೇ ದಾಖಲಾಗಿದೆ, ಅದು ಸಾಲಗಾರನ ವರದಿಯನ್ನು ತಲುಪಿಲ್ಲ, ಅಷ್ಟೆ. ವ್ಯಾಪಾರದ ಗುಟ್ಟು ಹೊರಗೆ ಹೋಗುತ್ತದೆ ಎಂಬ ಅಂಜಿಕೆಗೂ ಆಧಾರವಿಲ್ಲ. ಬೇರೆ ಬ್ಯಾಂಕು ತರಿಸಿಕೊಳ್ಳುವ ಪ್ರತಿಯಲ್ಲಿ ಉಳಿದ ಸಾಲದಾತರ ಹೆಸರನ್ನು ಸಾಮಾನ್ಯವಾಗಿ ಈಗಲೂ ಮರೆಮಾಡಿರುತ್ತಾರೆ. ಹೊಸ ವಿವರಗಳನ್ನೂ ಹಾಗೆಯೇ ಗ್ರಾಹಕನ ಪ್ರತಿಗೆ ಸೀಮಿತ ಮಾಡಬಹುದು. ಕಂತು ಸರಿಯಾಗಿ ಕಟ್ಟುವವನಿಗೆ ಹೆಸರು ಯಾವುದಾದರೇನು ಎನ್ನುವವರು, ಖಾತೆ ಕೈ ಬದಲಾಯಿಸುವ ಹೊತ್ತಿನಲ್ಲೇ ಕಟ್ಟಿದ ಕಂತು ಹಳೆಯ ಲೆಕ್ಕಕ್ಕೆ ಜಮೆಯಾಗಿ ಹೊಸ ಲೆಕ್ಕದಲ್ಲಿ ಸುಸ್ತಿ ಕಾಣಿಸಬಹುದು ಎಂಬುದನ್ನು ಮರೆಯುತ್ತಾರೆ. ಅದನ್ನು ಹಿಡಿಯಬಲ್ಲವನು ಆ ಹೆಸರು ತನ್ನ ಸಾಲದ್ದೇ ಎಂದು ಗುರುತಿಸಬಲ್ಲ ಸಾಲಗಾರ ಮಾತ್ರ. ವರ್ಷಕ್ಕೊಮ್ಮೆ ನಾಲ್ಕೂ ಕಂಪನಿಗಳಿಂದ ಪೂರ್ಣ ವರದಿಯನ್ನು ಉಚಿತವಾಗಿ ಪಡೆಯುವ ಹಕ್ಕು 2017ರಿಂದ ನಮಗಿದೆ. ಆ ವರದಿಯೂ ಕೇಳಿದವರಿಗೆ ಕನ್ನಡದಲ್ಲಿ ಸಿಗಬೇಕು. ಸಾಲದ ಪತ್ರಕ್ಕೆ ಅನ್ವಯಿಸಿದ ಭಾಷೆಯ ನಿಯಮವನ್ನು ಸಾಲದ ವರದಿಗೂ ಅನ್ವಯಿಸಲು ಅಡ್ಡಿಯಾಗುವಂಥ ಕಾರಣ ಯಾವುದೂ ನನಗೆ ಕಾಣುತ್ತಿಲ್ಲ.